ಬೇರುಗಂಟು ಜಂತುಹುಳು: ಸಾವಯವ ಹಾಗೂ ಜೈವಿಕ ಹತೋಟಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ತರಕಾರಿ, ದಾಳಿಂಬೆ, ಬಾಳೆ, ಕಾಳುಮೆಣಸು ಬೆಳೆಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು. ಎಲ್ಲಕ್ಕೂ ಮೊದಲೇ ಹೇಳಿಬಿಡಬೇಕಾದ ಮಾತೊಂದಿದೆ: ಈಗಾಗಲೇ ಬೇರಲ್ಲಿ ಎದ್ದ ಗಂಟನ್ನು ಕರಗಿಸುವ ಔಷಧಿ ಯಾವುದೂ ಇಲ್ಲ, ಜೈವಿಕವೂ ಇಲ್ಲ, ರಾಸಾಯನಿಕವೂ ಇಲ್ಲ. ಇಲ್ಲಿನ ಹೆಚ್ಚಿನ ಕೆಲಸ ನಾಟಿಗೆ ಮುಂಚೆಯೇ ಮುಗಿಯುವಂಥದ್ದು.

## ಮೊದಲ ಹಂತ: ಗುರುತಿಸುವುದು

ಜಂತುಹುಳು ಅಂದ್ರೆ ಎರೆಹುಳು ಥರದ್ದಾ? ನಮ್ಮ ಹೊಲದಲ್ಲಿ ಎಷ್ಟು ಅಗೆದರೂ ಒಂದೂ ಕಾಣಲಿಲ್ಲ.

ಕಾಣುವುದಿಲ್ಲ. ಬೇರಿಗೆ ನುಗ್ಗುವ ಮರಿಹುಳು ಸುಮಾರು 0.4 ಮಿಲಿಮೀಟರ್ ಉದ್ದ, ಕೂದಲಿಗಿಂತ ಎಷ್ಟೋ ತೆಳು, ಮೈ ಪಾರದರ್ಶಕ. ಸೂಕ್ಷ್ಮದರ್ಶಕವೇ ಬೇಕು. ನಮ್ಮಲ್ಲಿ ಹೆಚ್ಚು ಕಾಟ ಕೊಡುವುದು ಮೆಲಾಯ್ಡೋಗೈನೆ ಇನ್‌ಕಾಗ್ನಿಟಾ ಮತ್ತು ಮೆಲಾಯ್ಡೋಗೈನೆ ಜವಾನಿಕಾ ಎಂಬ ಎರಡು ಜಾತಿ. ಮರಿಹುಳು ಎಳೆಯ ಬೇರಿನ ತುದಿಯಿಂದ ಒಳಹೊಕ್ಕು ಒಂದೇ ಕಡೆ ನೆಲೆ ನಿಲ್ಲುತ್ತದೆ, ಸುತ್ತಲಿನ ಜೀವಕೋಶಗಳನ್ನು ಹಿಗ್ಗಿಸಿ ಅದರಿಂದ ರಸ ಹೀರುತ್ತದೆ. ಬೆಳೆದ ಹೆಣ್ಣು ಗುಂಡಗಾಗಿ, ಅಂಟಿನಂಥ ಚೀಲದಲ್ಲಿ 200ರಿಂದ 500 ಮೊಟ್ಟೆ ಇಡುತ್ತದೆ. ಮಣ್ಣಿನ ಬಿಸಿ 25ರಿಂದ 28 ಡಿಗ್ರಿ ಇದ್ದರೆ ಮೊಟ್ಟೆಯಿಂದ ಮೊಟ್ಟೆಗೆ 25–30 ದಿನ ಸಾಕು. ಗಂಡಿನ ಸಹವಾಸವೂ ಬೇಕಿಲ್ಲ. ನಾಲ್ಕು ತಿಂಗಳ ಟೊಮ್ಯಾಟೊ ಬೆಳೆಯಲ್ಲಿ ಮೂರು–ನಾಲ್ಕು ತಲೆಮಾರು ಆಗಿಹೋಗುತ್ತದೆ.

ಅಲಸಂದೆ, ಕಡಲೆಕಾಯಿ ಬೇರಲ್ಲೂ ಗಂಟು ಇರುತ್ತಲ್ಲ. ಅದು ಒಳ್ಳೇದಾ ಕೆಟ್ಟದ್ದಾ ಅಂತ ತಿಳಿಯೋದು ಹೇಗೆ?

ಉಗುರಿನಿಂದ ತಳ್ಳಿ ನೋಡಿ. ಸಾರಜನಕ ಹಿಡಿಯುವ ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಸುಲಭವಾಗಿ ಉದುರುತ್ತದೆ, ಸೀಳಿದರೆ ಒಳಗೆ ಗುಲಾಬಿ ಬಣ್ಣ. ಜಂತುಹುಳುವಿನ ಗಂಟು ಬೇರೇ ಊದಿಕೊಂಡದ್ದು. ಬೇರು ಮುರಿಯದೆ ಅದು ಬರುವುದಿಲ್ಲ, ಒಳಗೆ ಬಿಳಿ ಅಥವಾ ಕಂದು. ಗಿಡವನ್ನು ಕಿತ್ತು ನೋಡಬೇಡಿ. ಎಳೆದರೆ ಗಂಟಿರುವ ಸಣ್ಣ ಬೇರುಗಳು ಮಣ್ಣಲ್ಲೇ ಉಳಿದು ಬೇರು ಚೆನ್ನಾಗಿದೆ ಅನ್ನಿಸುತ್ತದೆ. ಗುದ್ದಲಿಯಿಂದ ಮಣ್ಣಿನ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಲ್ಲಿ ಹತ್ತು ನಿಮಿಷ ನೆನೆಸಿ ಅಲುಗಾಡಿಸಿ ತೊಳೆಯಿರಿ.

ಟೊಮ್ಯಾಟೊ ಮಧ್ಯಾಹ್ನ ಬಾಡುತ್ತೆ, ಸಂಜೆಗೆ ಸರಿಹೋಗುತ್ತೆ. ನೀರು, ಗೊಬ್ಬರ ಎಲ್ಲ ಕೊಟ್ಟಾಯ್ತು. ಇದು ಜಂತುಹುಳುವಾ?

ಇರಬಹುದು. ಹೊಲ ಇಡೀ ಒಂದೇ ಥರ ಬಾಡಿದರೆ ನೀರಿನ ಸಮಸ್ಯೆ ಇರಬಹುದು. ಅಲ್ಲಲ್ಲಿ ತೇಪೆ ಹಾಕಿದ ಹಾಗೆ ಗಿಡ ಕುಳ್ಳಾಗಿ, ತಿಳಿ ಹಳದಿಯಾಗಿ, ಆ ತೇಪೆ ಪ್ರತಿ ಬೆಳೆಗೂ ಸ್ವಲ್ಪ ಸ್ವಲ್ಪ ಅಗಲವಾಗುತ್ತಿದ್ದರೆ ಬೇರು ನೋಡಲೇಬೇಕು. ದುಂಡಾಣು ಸೊರಗು ರೋಗವಾದರೆ ಗಿಡ ಹಸಿರಾಗಿದ್ದಾಗಲೇ ಕುಸಿಯುತ್ತದೆ, ಸಂಜೆಗೆ ಚೇತರಿಸಿಕೊಂಡರೂ ಎರಡು–ಮೂರು ದಿನದಲ್ಲಿ ಸಾಯುತ್ತದೆ. ಅಂಥ ಗಿಡದ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಲ್ಲಿ ತೂಗು ಬಿಟ್ಟರೆ ಹಾಲಿನಂಥ ಎಳೆ ಇಳಿಯುತ್ತದೆ. ಎರಡೂ ಒಟ್ಟಿಗೇ ಇರುವುದು ಸಾಮಾನ್ಯ, ಏಕೆಂದರೆ ಹುಳು ಮಾಡಿದ ಗಾಯದಿಂದಲೇ ದುಂಡಾಣು, ಫ್ಯುಸೇರಿಯಂ ಎಂಬ ಶಿಲೀಂಧ್ರ ಒಳಹೋಗುತ್ತವೆ.

ಮಣ್ಣು ಪರೀಕ್ಷೆ ಮಾಡಿಸಿದ್ದೀವಿ, ರಿಪೋರ್ಟಲ್ಲಿ ಜಂತುಹುಳು ಬಗ್ಗೆ ಏನೂ ಇಲ್ಲ. ಅಂದ್ರೆ ಇಲ್ಲ ಅಂತಾನಾ?

ಮಣ್ಣು ಆರೋಗ್ಯ ಚೀಟಿಯಲ್ಲಿ ಬರುವುದು ರಸಸಾರ, ಸಾವಯವ ಇಂಗಾಲ, ಪೋಷಕಾಂಶ. ಜಂತುಹುಳುವನ್ನು ಅಲ್ಲಿ ಎಣಿಸುವುದಿಲ್ಲ. ಕೃಷಿ ಅಥವಾ ತೋಟಗಾರಿಕೆ ವಿಶ್ವವಿದ್ಯಾಲಯದ ಜಂತುಹುಳು ವಿಭಾಗಕ್ಕೆ, ಇಲ್ಲವೇ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದ ಮೂಲಕ, ಇದೇ ಪರೀಕ್ಷೆ ಬೇಕೆಂದು ಕೇಳಿ ಕಳಿಸಬೇಕು.

ಮಾದರಿ ತೆಗೆಯುವ ರೀತಿಯೂ ಬೇರೆ. ಎಕರೆಗೆ 10–15 ಕಡೆ, ಅಂಕುಡೊಂಕಾಗಿ ನಡೆಯುತ್ತ, ಬೇರಿನ ಪಕ್ಕದಿಂದ 15–20 ಸೆಂ.ಮೀ. ಆಳದ ಮಣ್ಣು ತೆಗೆಯಿರಿ. ಪೂರ್ತಿ ಸತ್ತ ಗಿಡದ ಬುಡದಲ್ಲಿ ತೆಗೆಯಬೇಡಿ, ತಿನ್ನಲು ಬೇರಿಲ್ಲದೆ ಹುಳು ಅಲ್ಲಿ ಕಡಿಮೆಯಾಗಿರುತ್ತದೆ. ತೇಪೆಯ ಅಂಚಿನಲ್ಲಿ ಇನ್ನೂ ಜೀವ ಇರುವ ಗಿಡದ್ದು ಬೇಕು. ಎಲ್ಲ ಕಲಸಿ ಅರ್ಧ ಕಿಲೋ ಮಣ್ಣು, ಜೊತೆಗೆ 10 ಗ್ರಾಂ ಸಣ್ಣ ಬೇರು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಪೋಷಕಾಂಶದ ಪರೀಕ್ಷೆಗೆ ಮಾಡುವ ಹಾಗೆ ನೆರಳಲ್ಲಿ ಒಣಗಿಸಿದಿರೋ, ಹುಳು ಸತ್ತು ‘ಇಲ್ಲ’ ಎಂಬ ಉತ್ತರ ಬರುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟರೂ ಅದೇ ಗತಿ.

ಲ್ಯಾಬ್ ದೂರ ಇದೆ. ಮನೆಯಲ್ಲೇ ತಿಳಿಯೋ ದಾರಿ ಇದೆಯಾ?

ಇದೆ, ತಾಳ್ಮೆ ಬೇಕು ಅಷ್ಟೆ. ಅದೇ ರೀತಿ ಹತ್ತು ಕಡೆಯ ಮಣ್ಣು ಕಲಸಿ ನಾಲ್ಕು ಕುಂಡಕ್ಕೆ ತುಂಬಿ. ಎರಡಕ್ಕೆ ಟೊಮ್ಯಾಟೊ, ಎರಡಕ್ಕೆ ಸೌತೆ ಹಾಕಿ. ಟೊಮ್ಯಾಟೊ ನಾಟಿ ತಳಿಯೇ ಇರಲಿ, ನಿರೋಧಕ ಹೈಬ್ರಿಡ್ ಹಾಕಿದರೆ ಪರೀಕ್ಷೆಯೇ ಹಾಳು. ಮಣ್ಣು ಒಣಗದ ಹಾಗೆ ನೀರು ಕೊಡುತ್ತ 35–40 ದಿನ ಬಿಟ್ಟು ಬೇರು ತೊಳೆದು ನೋಡಿ. ಬೆರಳೆಣಿಕೆಯ ಗಂಟಿದ್ದರೆ ಬೇವಿನ ಹಿಂಡಿ, ಜೈವಿಕ ಗೊಬ್ಬರದಿಂದ ನಿಭಾಯಿಸಬಹುದು. ಬೇರೆಲ್ಲ ಮಣಿಸರದ ಹಾಗೆ ಆಗಿದ್ದರೆ ಆ ಹೊಲಕ್ಕೆ ಈ ಸಲ ಟೊಮ್ಯಾಟೊ, ಬದನೆ, ಸೌತೆ ಬೇಡ.

ನಮ್ಮ ಹೊಲಕ್ಕೆ ಇದು ಬಂದಿದ್ದಾದರೂ ಎಲ್ಲಿಂದ?

ಹುಳು ತಾನಾಗಿ ತೆವಳುವುದು ವರ್ಷಕ್ಕೆ ಹೆಚ್ಚೆಂದರೆ ಒಂದು ಮೀಟರ್. ಉಳಿದ ದೂರವನ್ನೆಲ್ಲ ನಾವೇ ಸಾಗಿಸುತ್ತೇವೆ: ನರ್ಸರಿ ಸಸಿ, ದಾಳಿಂಬೆ ಗೂಟಿ, ಬಾಳೆ ಕಂದು, ಮೆಣಸಿನ ಬಳ್ಳಿ, ಬಾಡಿಗೆ ಟ್ರ್ಯಾಕ್ಟರಿನ ರೋಟವೇಟರ್‌ಗೆ ಮೆತ್ತಿದ ಮಣ್ಣು, ಮೇಲಿನ ಹೊಲದಿಂದ ಹರಿದು ಬರುವ ನೀರು. ಸಸಿ ಕೊಳ್ಳುವಾಗ ಹತ್ತು ಸಸಿಯ ಬೇರು ತೊಳೆದು ನೋಡುವುದಕ್ಕೆ ಐದು ನಿಮಿಷ. ಒಪ್ಪದ ನರ್ಸರಿಯಲ್ಲಿ ಕೊಳ್ಳಬೇಡಿ.

## ಎರಡನೇ ಹಂತ: ನಾಟಿಗೆ ಮುಂಚಿನ ಕೆಲಸ

ಬೇಸಿಗೆಯಲ್ಲಿ ಉಳುಮೆ ಮಾಡಿ ಬಿಟ್ಟರೆ ಸಾಯುತ್ತಾ? ಪ್ಲಾಸ್ಟಿಕ್ ಹಾಳೆ ಹಾಕಬೇಕಾ?

ಮಾರ್ಚ್‌ನಿಂದ ಮೇ ತನಕ 10–15 ದಿನಕ್ಕೊಮ್ಮೆ ಎರಡು–ಮೂರು ಸಲ ಆಳವಾಗಿ ಉತ್ತು ಮಣ್ಣು ಮಗುಚಿದರೆ ಮೇಲೆ ಬಂದ ಮೊಟ್ಟೆ, ಮರಿ ಒಣಗುತ್ತವೆ. ಖರ್ಚಿಗೆ ಹೋಲಿಸಿದರೆ ಇದಕ್ಕಿಂತ ಲಾಭದ ಕೆಲಸವಿಲ್ಲ. ಹಳೇ ಬೆಳೆಯ ಬೇರನ್ನು ಮೊದಲು ಆಯ್ದು ತೆಗೆದಿರಬೇಕು, ಏಕೆಂದರೆ ಬೇರಿನೊಳಗಿನ ಮೊಟ್ಟೆ ಚೀಲ ಬೇಗ ಒಣಗುವುದಿಲ್ಲ.

ಹಾಳೆ ಇಡೀ ಹೊಲಕ್ಕೆ ದುಬಾರಿ. ಸಸಿ ಮಡಿಗೆ, ಪಾಲಿಹೌಸ್ ಮಡಿಗೆ ಸರಿ. ಮಣ್ಣನ್ನು ಹುಡಿ ಮಾಡಿ, ಚೆನ್ನಾಗಿ ನೀರು ಹಾಯಿಸಿ, ಮರುದಿನ 25–50 ಮೈಕ್ರಾನಿನ ಪಾರದರ್ಶಕ ಹಾಳೆ ಮಣ್ಣಿಗೆ ತಾಗುವಂತೆ ಹಾಸಿ, ನಾಲ್ಕೂ ಅಂಚು ಮಣ್ಣಲ್ಲಿ ಹುಗಿದು 4–6 ವಾರ ಬಿಡಿ. ಒಣ ಮಣ್ಣಿಗೆ ಹಾಳೆ ಹಾಕಿದರೆ ಬಿಸಿ ಕೆಳಗಿಳಿಯುವುದಿಲ್ಲ. ಮಲ್ಚಿಂಗ್‌ಗೆ ತಂದ ಕಪ್ಪು ಹಾಳೆಯನ್ನೇ ಹಾಸುವವರಿದ್ದಾರೆ. ಆಗ ಬಿಸಿಯಾಗುವುದು ಹಾಳೆ, ಮಣ್ಣು ಅಷ್ಟಾಗಿ ಕಾಯುವುದಿಲ್ಲ. ಪರಿಣಾಮ ಮೇಲಿನ 15 ಸೆಂ.ಮೀ.ಗೆ ಸೀಮಿತ, ಆದ್ದರಿಂದ ತೆಗೆದ ಮೇಲೆ ಆಳವಾಗಿ ಅಗೆದು ಕೆಳಗಿನ ಮಣ್ಣನ್ನು ಮೇಲೆ ತರಬೇಡಿ.

ಬೇವಿನ ಹಿಂಡಿ ಎಕರೆಗೆ ಎಷ್ಟು ಹಾಕಬೇಕು? ನಾಟಿ ದಿನವೇ ಗುಣಿಗೆ ಹಾಕಬಹುದಾ?

ಇಡೀ ಹೊಲಕ್ಕೆ ಎರಚುವುದಾದರೆ ಎಕರೆಗೆ 400 ಕಿಲೋ. ಸಾಲಿಗೆ ಅಥವಾ ಮಡಿಗೆ ಮಾತ್ರ ಕೊಡುವುದಾದರೆ 200–250 ಕಿಲೋ ಸಾಕು, ಅದೇ ಜಾಣತನ ಕೂಡ. ನಾಟಿಗೆ 15 ದಿನ ಮುಂಚೆ ಮಣ್ಣಲ್ಲಿ ಬೆರೆಸಿ ತೇವ ಕೊಡಿ. ಹಿಂಡಿಯಲ್ಲಿರುವ ಅಜಾಡಿರಾಕ್ಟಿನ್ ಮುಂತಾದ ಕಹಿ ಅಂಶಗಳು ಒಂದು ಕಡೆ, ಅದು ಕೊಳೆಯುವಾಗ ಬಿಡುವ ಅಮೋನಿಯಾ, ಫೀನಾಲ್ ಇನ್ನೊಂದು ಕಡೆ ಹುಳುವನ್ನು ಹೊಡೆಯುತ್ತವೆ. ಅದೇ ಅಮೋನಿಯಾ ಎಳೆ ಸಸಿಯ ಬೇರನ್ನೂ ಸುಡುತ್ತದೆ. ನಾಟಿ ದಿನ ಗುಣಿಗೆ ಮುಷ್ಟಿಗಟ್ಟಲೆ ಹಾಕಿ ಸಸಿ ಸತ್ತಿತು ಎಂಬ ದೂರು ಬರುವುದು ಇದರಿಂದಲೇ. ಹೊಂಗೆ ಹಿಂಡಿ, ಹರಳು ಹಿಂಡಿಯೂ ಕೆಲಸ ಮಾಡುತ್ತವೆ, ಅಳತೆಯೂ ಅದೇ. ಸಿಗುವುದನ್ನು ಬಳಸಿ. ಹಿಂಡಿಯಲ್ಲಿ ನೂರಕ್ಕೆ 4–5 ಭಾಗ ಸಾರಜನಕ ಇರುವುದರಿಂದ ಬುಡ ಗೊಬ್ಬರದ ಯೂರಿಯಾವನ್ನು ಅಷ್ಟು ಕಡಿಮೆ ಮಾಡಬಹುದು.

ಅಂಗಡಿಯಲ್ಲಿ ಸಿಗೋ ಹಿಂಡಿ ಅಸಲಿನಾ ಅಂತ ನೋಡೋದು ಹೇಗೆ?

ಒಂದು ಹಿಡಿ ನೀರಿಗೆ ಹಾಕಿ ಕದಡಿ. ತಳದಲ್ಲಿ ಮರಳು, ಕೆಮ್ಮಣ್ಣು, ಬೂದಿ ಕೂತರೆ ಬೆರಕೆ. ಚಿಟಿಕೆ ನಾಲಿಗೆಗೆ ಇಟ್ಟರೆ ಕಹಿ ಹೊಡೆಯಬೇಕು, ಬೇವಿನೆಣ್ಣೆ ವಾಸನೆ ಇರಬೇಕು. ಗಾಣದಲ್ಲಿ ಹಿಂಡಿದ ಹಿಂಡಿ ಒಳ್ಳೆಯದು. ದ್ರಾವಕ ಹಾಕಿ ಎಣ್ಣೆ ಪೂರ್ತಿ ತೆಗೆದದ್ದರಲ್ಲಿ ಕಹಿ ಅಂಶ ಕಡಿಮೆ. ಮಳೆ ನೀರು ತಾಗಿ ಬೂಸ್ಟು ಹಿಡಿದ ಹಳೇ ಮೂಟೆ ಅಗ್ಗವಾಗಿ ಸಿಕ್ಕರೂ ಬೇಡ.

ಚೆಂಡು ಹೂವು ಹಾಕಿದರೆ ಜಂತುಹುಳು ಹೋಗುತ್ತೆ ಅಂದರು. ಬದುವಿಗೆ ಎರಡು ಸಾಲು ಹಾಕಿದ್ದೆ, ಏನೂ ಪ್ರಯೋಜನ ಆಗಲಿಲ್ಲ. ಯಾಕೆ?

ಬದುವಿನಲ್ಲಿ ಹಾಕಿದ ಚೆಂಡು ಹೂವು ಬದುವಿನ ಹುಳುವನ್ನಷ್ಟೇ ಹೊಡೆಯುತ್ತದೆ. ಕೆಲಸ ನಡೆಯುವುದು ಅದರ ಬೇರು ಇರುವಲ್ಲಿ ಮಾತ್ರ. ಮರಿಹುಳು ಆ ಬೇರಿಗೆ ನುಗ್ಗಿದರೆ ಬೆಳೆಯಲಾರದೆ ಸಾಯುತ್ತದೆ. ಬೇರಿನಲ್ಲಿರುವ ಆಲ್ಫಾ-ಟರ್ಥಿಯೆನೈಲ್ ಎಂಬ ವಸ್ತು ಇದಕ್ಕೆ ಮುಖ್ಯ ಕಾರಣ. ಹೂ ಕಿತ್ತ ಗಿಡವನ್ನು ತಂದು ಕೊಚ್ಚಿ ಮಣ್ಣಿಗೆ ಸೇರಿಸುವುದರಿಂದ ಈ ಲಾಭ ಹೆಚ್ಚೇನೂ ಬರುವುದಿಲ್ಲ, ಅದು ಬರೀ ಗೊಬ್ಬರ.

ಸರಿಯಾದ ರೀತಿ: ತರಕಾರಿಗೆ ಮುಂಚೆ ಅದೇ ಜಾಗದಲ್ಲಿ ಚೆಂಡು ಹೂವನ್ನೇ ಒಂದು ಪೂರ್ತಿ ಬೆಳೆಯಾಗಿ, ಒತ್ತಾಗಿ, ಕನಿಷ್ಠ 2–3 ತಿಂಗಳು ಬೆಳೆಯುವುದು. ಹೂ ಮಾರಾಟದ ದುಡ್ಡೂ ಕೈಗೆ ಬರುತ್ತದೆ. ಮಧ್ಯೆ ಗಣಿಕೆ, ದಂಟು, ಗೋಣಿ ಸೊಪ್ಪಿನಂಥ ಕಳೆ ಇರಬಾರದು. ಹುಳು ಆ ಕಳೆಯ ಬೇರಲ್ಲಿ ಆರಾಮಾಗಿ ಕೂತು ಚೆಂಡು ಹೂವಿನ ಲಾಭವನ್ನೆಲ್ಲ ನುಂಗುತ್ತದೆ. ಟೊಮ್ಯಾಟೊ ಜೊತೆ ಮಿಶ್ರ ಬೆಳೆಯಾಗಿ ಹಾಕುವುದರಿಂದ ಅಲ್ಪ ಸ್ವಲ್ಪ ಸಹಾಯ, ಕಾಯಿಕೊರಕದ ಹತೋಟಿಗೆ ಅದು ಹೆಚ್ಚು ಉಪಯೋಗ. ಎರಡು ಉದ್ದೇಶವನ್ನು ಬೆರೆಸಿಕೊಂಡಾಗಲೇ ನಿರಾಸೆ.

ಬೆಳೆ ಬದಲಾಯಿಸಿ ಅಂತಾರೆ. ಯಾವುದರ ನಂತರ ಯಾವುದು?

ಬೇರುಗಂಟು ಹುಳುವಿನ ಊಟದ ಪಟ್ಟಿ ದೊಡ್ಡದು: ಟೊಮ್ಯಾಟೊ, ಬದನೆ, ಬೆಂಡೆ, ಸೌತೆ, ಕಲ್ಲಂಗಡಿ, ಹೀರೆ, ಬೀನ್ಸ್, ಅಲಸಂದೆ, ಕ್ಯಾರೆಟ್, ತಂಬಾಕು, ಹಿಪ್ಪುನೇರಳೆ. ಟೊಮ್ಯಾಟೊ ಮುಗಿಸಿ ಸೌತೆ, ಸೌತೆ ಮುಗಿಸಿ ಬೀನ್ಸ್ ಹಾಕುವುದನ್ನು ಬೆಳೆ ಬದಲಾವಣೆ ಅಂದುಕೊಂಡವರು ಬಹಳ ಜನ. ಹುಳುವಿನ ಲೆಕ್ಕದಲ್ಲಿ ಅವೆಲ್ಲ ಒಂದೇ.

ಚೆಂಡು ಹೂವು, ಎಳ್ಳು, ಜೋಳ, ಅಪ್ಸೆಣಬು ಮುಂದಿಡಬಹುದಾದವು. ಇನ್‌ಕಾಗ್ನಿಟಾ ಇರುವ ಹೊಲಕ್ಕೆ ಕಡಲೆಕಾಯಿ ಒಳ್ಳೆಯ ಆಯ್ಕೆ, ಆದರೆ ಅರೆನೇರಿಯಾ ಎಂಬ ಜಾತಿ ಇದ್ದರೆ ಕಡಲೆಕಾಯಿಯೇ ಅದರ ಊಟ. ಹಾಗಾಗಿ ಜಾತಿ ಯಾವುದೆಂದು ಒಮ್ಮೆ ಪರೀಕ್ಷೆ ಮಾಡಿಸಿಕೊಂಡರೆ ಮುಂದಿನ ಐದು ವರ್ಷಕ್ಕೆ ದಾರಿ ಸಿಗುತ್ತದೆ. ಹಸಿರೆಲೆ ಗೊಬ್ಬರಕ್ಕೆ ಅಪ್ಸೆಣಬು ಎಕರೆಗೆ 15–20 ಕಿಲೋ ಬಿತ್ತಿ, 45ನೇ ದಿನ, ಹೂ ಮೂಡುವ ಹೊತ್ತಿಗೆ ಮಣ್ಣಿಗೆ ಸೇರಿಸಿ. ಅದೇ ಕೆಲಸಕ್ಕೆ ಅಲಸಂದೆ ಬಿತ್ತಿದರೆ ಹುಳು ಸಾಕಿದ ಹಾಗೆ.

## ಮೂರನೇ ಹಂತ: ಜೈವಿಕ ಜೀವಾಣುಗಳು

ಟ್ರೈಕೋಡರ್ಮಾ, ಸ್ಯೂಡೋಮೊನಾಸ್, ಪೆಸಿಲೋಮೈಸಿಸ್, ಪೊಚೋನಿಯಾ: ಇಷ್ಟರಲ್ಲಿ ಜಂತುಹುಳುವಿಗೆ ಯಾವುದು?

ನೇರವಾಗಿ ಹುಳುವಿನ ಮೇಲೆ ಬೀಳುವುದು ಕೊನೆಯ ಎರಡು. ಪೆಸಿಲೋಮೈಸಿಸ್ ಲಿಲಾಸಿನಸ್ (ಈಗಿನ ಹೆಸರು ಪರ್ಪ್ಯೂರಿಯೊಸಿಲಿಯಮ್ ಲಿಲಾಸಿನಮ್, ಪೊಟ್ಟಣದ ಮೇಲೆ ಎರಡರಲ್ಲಿ ಯಾವುದಾದರೂ ಇರಬಹುದು) ಮತ್ತು ಪೊಚೋನಿಯಾ ಕ್ಲಮೈಡೋಸ್ಪೋರಿಯಾ, ಎರಡೂ ಶಿಲೀಂಧ್ರಗಳು. ಮೊಟ್ಟೆಯನ್ನೂ ಕೂತಲ್ಲೇ ಇರುವ ಹೆಣ್ಣನ್ನೂ ತಿನ್ನುತ್ತವೆ. ಮಣ್ಣಲ್ಲಿ ಓಡಾಡುವ ಮರಿಹುಳುವಿನ ಮೇಲೆ ಅವುಗಳ ಹಿಡಿತ ಕಡಿಮೆ. ಆದ್ದರಿಂದಲೇ ಹಾಕಿದ ವಾರಕ್ಕೇ ಫಲ ಕಾಣುವುದಿಲ್ಲ, ಮುಂದಿನ ತಲೆಮಾರು ಕಡಿಮೆಯಾಗುತ್ತದೆ. ಟ್ರೈಕೋಡರ್ಮಾ ಹಾರ್ಜಿಯಾನಮ್ ಮತ್ತು ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ಬೇರಿನ ಸುತ್ತ ನೆಲೆಸಿ, ಗಿಡದ ತಡೆಶಕ್ತಿ ಹೆಚ್ಚಿಸಿ, ಗಾಯದಿಂದ ಒಳಬರುವ ಸೊರಗು ರೋಗಗಳನ್ನು ತಡೆಯುತ್ತವೆ.

ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಈ ನಾಲ್ಕರ ಪುಡಿ ರೂಪಗಳನ್ನು ಅಭಿವೃದ್ಧಿಪಡಿಸಿದೆ. ಅದರ ತಂತ್ರಜ್ಞಾನ ಪಡೆದ ಕಂಪನಿಗಳ ಸರಕು ಮಾರುಕಟ್ಟೆಯಲ್ಲಿದೆ. ಒಂದನ್ನೇ ಕೊಳ್ಳುವಷ್ಟು ಹಣವಿದ್ದರೆ ಟ್ರೈಕೋಡರ್ಮಾ, ಸ್ಯೂಡೋಮೊನಾಸ್‌ಗೆ ಹೋಗಬೇಡಿ, ಪೆಸಿಲೋಮೈಸಿಸ್ ಅಥವಾ ಪೊಚೋನಿಯಾ ಕೊಳ್ಳಿ. ಪೊಟ್ಟಣದ ಮೇಲೆ ಕೇಂದ್ರ ಕೀಟನಾಶಕ ಮಂಡಳಿಯ ನೋಂದಣಿ ಸಂಖ್ಯೆ, ತಯಾರಾದ ದಿನ, ಅವಧಿ ಮುಗಿಯುವ ದಿನ, ಗ್ರಾಂಗೆ ಎಷ್ಟು ಜೀವಾಣು ಎಂಬುದು ಇರಲೇಬೇಕು. ಗೊಬ್ಬರದಂಗಡಿಯ ತಗಡಿನ ಸೂರಿನಡಿ ಏಪ್ರಿಲ್ ತಿಂಗಳು ಕಳೆದ ಪೊಟ್ಟಣದಲ್ಲಿ ಅವಧಿ ಮುಗಿದಿಲ್ಲದಿದ್ದರೂ ಜೀವ ಎಷ್ಟು ಉಳಿದಿರುತ್ತದೋ ದೇವರೇ ಬಲ್ಲ.

ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿ ಹಾಕಿ ಅಂತಾರಲ್ಲ, ಅದನ್ನು ಸರಿಯಾಗಿ ಮಾಡೋದು ಹೇಗೆ?

ಇಡೀ ವಿಧಾನದಲ್ಲಿ ಹೆಚ್ಚು ಫಲ ಕೊಡುವುದೂ, ಹೆಚ್ಚು ಕೆಡುವುದೂ ಇದೇ ಹಂತ.

ಬೇಕಾದದ್ದು: ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ 1 ಟನ್, ಬೇವಿನ ಹಿಂಡಿ 100 ಕಿಲೋ, ಪೆಸಿಲೋಮೈಸಿಸ್ 2 ಕಿಲೋ, ಟ್ರೈಕೋಡರ್ಮಾ 2 ಕಿಲೋ, ಸ್ಯೂಡೋಮೊನಾಸ್ 2 ಕಿಲೋ. ನೆರಳಲ್ಲಿ, ಮರದಡಿ ಅಥವಾ ಚಪ್ಪರದಡಿ, ಗೊಬ್ಬರವನ್ನು ಒಂದು–ಒಂದೂವರೆ ಅಡಿ ಎತ್ತರಕ್ಕಿಂತ ಹೆಚ್ಚಾಗದಂತೆ ಹರಡಿ. ಹಿಂಡಿ ಪುಡಿ ಮಾಡಿ ಬೆರೆಸಿ. ಜೀವಾಣು ಪುಡಿಯನ್ನು ಒಣದಾಗಿಯೇ ಪದರ ಪದರವಾಗಿ ಉದುರಿಸಿ ಗುದ್ದಲಿಯಿಂದ ಕಲಸಿ, ನೀರು ಚಿಮುಕಿಸಿ. ಒಂದು ಹಿಡಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ಒದ್ದೆ ಗೋಣಿ ಅಥವಾ ಹುಲ್ಲು ಮುಚ್ಚಿ. ವಾರಕ್ಕೊಮ್ಮೆ ಮಗುಚಿ, ಒಣಗಿದ್ದರೆ ನೀರು ಚಿಮುಕಿಸಿ. 15–20 ದಿನಕ್ಕೆ ಸಿದ್ಧ.

ಕೆಡುವುದು ಹೀಗೆ. ಹಸಿ ಸಗಣಿ ಇದ್ದರೆ ತಿಪ್ಪೆ ಕಾಯುತ್ತದೆ; ಕೈ ಇಟ್ಟರೆ ಬಿಸಿ ಹೊಡೆಯುವ ಗೊಬ್ಬರದಲ್ಲಿ ಶಿಲೀಂಧ್ರ ಬದುಕುವುದಿಲ್ಲ. ಎತ್ತರದ ರಾಶಿ ಮಾಡಿದರೂ ಹಾಗೇ. ಪ್ಲಾಸ್ಟಿಕ್ ಹೊದಿಸಿದರೆ ಉಸಿರುಗಟ್ಟಿ ಹುಳಿ ವಾಸನೆ ಬರುತ್ತದೆ. ಸಿದ್ಧವಾದದ್ದನ್ನು ಎಕರೆಗೆ 2 ಟನ್‌ನಂತೆ, ಸಂಜೆ ಹೊತ್ತು, ತೇವವಿರುವ ಸಾಲಿಗೆ ಹಾಕಿ ತಕ್ಷಣ ಮಣ್ಣು ಮುಚ್ಚಿ. ಬಿಸಿಲಲ್ಲಿ ಹರಡಿ ಮರುದಿನ ಮುಚ್ಚುವೆ ಅಂದರೆ ಪೂರಾ ಶ್ರಮ ವ್ಯರ್ಥ.

ಸಸಿ ಹಂತದಲ್ಲಿ ಏನು ಮಾಡಬೇಕು?

ಪ್ರೋಟ್ರೇಯಲ್ಲಾದರೆ ಕೋಕೋಪೀಟ್ ಕಿಲೋಗೆ 5–10 ಗ್ರಾಂ ಪೆಸಿಲೋಮೈಸಿಸ್ ಅಥವಾ ಪೊಚೋನಿಯಾ ಬೆರೆಸಿ. ನೆಲದ ಮಡಿಯಾದರೆ ಚದರ ಮೀಟರಿಗೆ ಅರ್ಧ ಕಿಲೋ ಬೇವಿನ ಹಿಂಡಿಯನ್ನು 15 ದಿನ ಮುಂಚೆ ಸೇರಿಸಿ, ಬಿತ್ತುವಾಗ 20–50 ಗ್ರಾಂ ಜೀವಾಣು ಪುಡಿ ಕೊಡಿ. ಶುದ್ಧ ಬೇರಿನೊಂದಿಗೆ ಮೊದಲ ತಿಂಗಳು ದಾಟಿದ ಟೊಮ್ಯಾಟೊ, ಆಮೇಲೆ ಹುಳು ಬಂದರೂ ಇಳುವರಿ ಕೊಡುತ್ತದೆ. ಮಡಿಯಲ್ಲೇ ಗಂಟು ಹಿಡಿದದ್ದು ಮೇಲೇಳುವುದಿಲ್ಲ.

ಬೆಳೆ ಈಗ 40 ದಿನದ್ದು, ಬೇರಲ್ಲಿ ಗಂಟು ಬಂದಿದೆ. ಈಗ ಏನು ಹಾಕಲಿ?

ಇರುವ ಬೆಳೆಯನ್ನು ದಡ ಸೇರಿಸುವುದು, ಮೊಟ್ಟೆ ಕಡಿಮೆ ಮಾಡುವುದು, ಇಷ್ಟೇ ಸಾಧ್ಯ. ಪೆಸಿಲೋಮೈಸಿಸ್ ಅಥವಾ ಪೊಚೋನಿಯಾ ಲೀಟರಿಗೆ 5–10 ಗ್ರಾಂ ಕದಡಿ, ಗಿಡಕ್ಕೆ 100 ಮಿ.ಲೀ. ಬುಡಕ್ಕೆ ಸುರಿಯಿರಿ. 5,000 ಗಿಡಕ್ಕೆ 500 ಲೀಟರ್ ನೀರು, ಕಡಿಮೆ ಅಳತೆಯಲ್ಲಿ ಎರಡೂವರೆ ಕಿಲೋ ಪುಡಿ. 20–30 ದಿನ ಬಿಟ್ಟು ಇನ್ನೊಮ್ಮೆ. ಮೊದಲೇ ನೀರು ಕೊಟ್ಟು ಮಣ್ಣು ತೇವವಿರಲಿ. ನಡುವೆ 20 ಕಿಲೋ ಬೇವಿನ ಹಿಂಡಿಯನ್ನು 200 ಲೀಟರ್ ನೀರಲ್ಲಿ ಎರಡು ದಿನ ನೆನೆಸಿ ಸೋಸಿ ಬುಡಕ್ಕೆ ಕೊಡಬಹುದು. ಬುಡಕ್ಕೆ ಎರೆಹುಳು ಗೊಬ್ಬರ ಕೊಟ್ಟು ಮಣ್ಣು ಏರಿಸಿದರೆ ಕಾಂಡದಿಂದ ಹೊಸ ಬೇರು ಹೊರಟು ಗಿಡಕ್ಕೆ ಉಸಿರು ಬರುತ್ತದೆ. ನೀರನ್ನು ಕಡಿಮೆ ಕಡಿಮೆಯಾಗಿ, ಪದೇ ಪದೇ ಕೊಡಿ. ಕೊನೇ ಕೊಯ್ಲಾದ ವಾರದೊಳಗೆ ಬೇರು ಸಮೇತ ಕಿತ್ತು ಒಣಗಿಸಿ ಸುಡಿ. ಗಿಡ ಕಡಿದು ಬೇರು ಬಿಟ್ಟರೆ ಮೊಟ್ಟೆಗಳನ್ನು ಮುಂದಿನ ಬೆಳೆಗೆ ಬಿತ್ತಿದಂತೆಯೇ.

ಡ್ರಿಪ್‌ನಲ್ಲಿ ಬಿಡಬಹುದಾ?

ದ್ರವ ರೂಪದ್ದನ್ನು ಬಿಡಬಹುದು. ಪುಡಿಯಲ್ಲಿ ಟಾಲ್ಕ್ ಇರುತ್ತದೆ, ನೇರ ಬಿಟ್ಟರೆ ಡ್ರಿಪ್ಪರ್ ಕಟ್ಟುತ್ತದೆ. ಪುಡಿಯೇ ಇದ್ದರೆ ರಾತ್ರಿ ನೆನೆಸಿ, ತೆಳು ಬಟ್ಟೆಯಲ್ಲಿ ಸೋಸಿ, ಉಳಿದ ಗಸಿಯನ್ನು ಗೊಬ್ಬರಕ್ಕೆ ಹಾಕಿ. ಆಸಿಡ್ ಅಥವಾ ಕ್ಲೋರಿನ್ ಹಾಯಿಸಿ ಕೊಳವೆ ತೊಳೆದಿದ್ದರೆ ಎರಡು ದಿನ ಬರೀ ನೀರು ಬಿಟ್ಟ ಮೇಲೆ ಜೀವಾಣು ಬಿಡಿ.

ಟ್ರೈಕೋಡರ್ಮಾ ಹಾಕಿದ ಮೇಲೆ ಕಾರ್ಬೆಂಡಜಿಮ್ ಕೊಟ್ಟರೆ ತೊಂದರೆಯಾ? ಬೋರ್ಡೋ ದ್ರಾವಣ?

ಕಾರ್ಬೆಂಡಜಿಮ್ ಶಿಲೀಂಧ್ರನಾಶಕ, ಅದನ್ನು ಬುಡಕ್ಕೆ ಕೊಟ್ಟರೆ ಟ್ರೈಕೋಡರ್ಮಾ, ಪೆಸಿಲೋಮೈಸಿಸ್, ಪೊಚೋನಿಯಾ ಮೂರಕ್ಕೂ ಪೆಟ್ಟು. ಬೋರ್ಡೋದಂಥ ತಾಮ್ರದ ದ್ರಾವಣವನ್ನು ಬುಡಕ್ಕೆ ಸುರಿದರೆ ಸ್ಯೂಡೋಮೊನಾಸ್ ಸಾಯುತ್ತದೆ, ದುಂಡಾಣು ಕೊಲ್ಲುವ ಸ್ಟ್ರೆಪ್ಟೋಮೈಸಿನ್ ಕೂಡ ಅದಕ್ಕೆ ವಿಷ. ಎಲೆಗೆ ಸಿಂಪಡಿಸಿದ್ದು ನೆಲಕ್ಕೆ ತೊಟ್ಟಿಕ್ಕದಿದ್ದರೆ ಅಷ್ಟು ಭಯವಿಲ್ಲ. ಬುಡಕ್ಕೆ ರಾಸಾಯನಿಕ ಕೊಡಲೇಬೇಕಾದರೆ ಎರಡು ವಾರ ಅಂತರವಿಟ್ಟು ಮತ್ತೆ ಜೀವಾಣು ಕೊಡಿ. ಹೊಸ ಜಂತುನಾಶಕಗಳಲ್ಲಿ ಫ್ಲುಯೋಪೈರಮ್ ಶಿಲೀಂಧ್ರನಾಶಕವೂ ಹೌದು, ಅದರ ಜೊತೆ ಶಿಲೀಂಧ್ರ ಜೀವಾಣು ಬೆರೆಸಬೇಡಿ. ಹಳಬರು ಈಗಲೂ ಫೋರೇಟ್ ಎಂಬ ರಾಸಾಯನಿಕ ಕೀಟನಾಶಕ ಕೇಳುತ್ತಾರೆ. ಅದು 2020ರ ಕೊನೆಗೇ ದೇಶದಲ್ಲಿ ನಿಷೇಧವಾಗಿದೆ, ಎಲ್ಲೋ ಹಳೇ ಸರಕು ಸಿಕ್ಕರೂ ಮುಟ್ಟಬೇಡಿ.

ಜೀವಾಮೃತ ಕೊಡ್ತಾ ಇದ್ದೀವಿ, ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ಕೂಡ ಹಾಕಿದ್ದೀವಿ. ಮತ್ತೆ ಬೇರೆ ಬೇಕಾ?

ಬೇಕು. ಜೀವಾಮೃತದಿಂದ ಮಣ್ಣಿನ ಜೀವಿಗಳು ಹೆಚ್ಚುತ್ತವೆ, ಹೊಸ ಬೇರು ಬರುತ್ತದೆ, ಅಷ್ಟು ಒಳ್ಳೆಯದೇ. ಗಂಟು ತುಂಬಿದ ಹೊಲವನ್ನು ಅದೊಂದರಿಂದಲೇ ಸರಿಪಡಿಸುತ್ತೇವೆ ಅನ್ನುವುದು ಅತಿ ಆಸೆ. ಅರ್ಕಾ ಕನ್ಸಾರ್ಷಿಯಂ ಸಾರಜನಕ, ರಂಜಕ, ಸತುವು ಒದಗಿಸುವ ಮತ್ತು ಬೆಳವಣಿಗೆಗೆ ನೆರವಾಗುವ ಬ್ಯಾಕ್ಟೀರಿಯಾಗಳ ಮಿಶ್ರಣ. ಅದು ಪೋಷಣೆಗೆ, ಜಂತುಹುಳುವಿಗಾಗಿ ಮಾಡಿದ್ದಲ್ಲ.

## ನಾಲ್ಕನೇ ಹಂತ: ಬೆಳೆವಾರು, ಕಷ್ಟದ ಸಂದರ್ಭಗಳು

ದಾಳಿಂಬೆ ಗಿಡ ಒಂದೊಂದೇ ಒಣಗ್ತಾ ಇವೆ. ಸೊರಗು ರೋಗನಾ, ಜಂತುಹುಳುನಾ?

ಬಹುತೇಕ ಎರಡೂ. ಚಿತ್ರದುರ್ಗ, ಕೊಪ್ಪಳ, ಬಾಗಲಕೋಟೆ, ವಿಜಯಪುರದ ತೋಟಗಳಲ್ಲಿ ಸೆರಟೋಸಿಸ್ಟಿಸ್ ಶಿಲೀಂಧ್ರ ಮತ್ತು ಬೇರುಗಂಟು ಹುಳು ಜೊತೆಯಾಗಿಯೇ ಸಿಗುತ್ತವೆ. ಕಾಂಡವನ್ನು ಬುಡದಲ್ಲಿ ಅಡ್ಡ ಕತ್ತರಿಸಿ ನೋಡಿ, ಕಂದು–ಬೂದು ನಕ್ಷತ್ರದ ಗುರುತಿದ್ದರೆ ಸೆರಟೋಸಿಸ್ಟಿಸ್. ಆ ಗಿಡವನ್ನು ಬೇರು ಸಮೇತ ತೆಗೆಯುವುದೇ ದಾರಿ.

ಉಳಿದ ಗಿಡಗಳಿಗೆ ಬಹಾರ್ (ಹೂ ಬಿಡಿಸುವ ಹಂಗಾಮು) ನೀರು ಬಿಡುವ ಮುಂಚೆ ಗೊಬ್ಬರ ಕೊಡುವ ಹೊತ್ತೇ ಸರಿಯಾದ ಸಮಯ. ಗಿಡಕ್ಕೆ 1–2 ಕಿಲೋ ಬೇವಿನ ಹಿಂಡಿ, 5–10 ಕಿಲೋ ಜೀವಾಣು ಬೆಳೆಸಿದ ಗೊಬ್ಬರ, ಡ್ರಿಪ್ಪರ್ ಕೆಳಗಿನ ಒದ್ದೆ ಜಾಗದಲ್ಲಿ ಹಾಕಿ ಮುಚ್ಚಿ. ಕಾಂಡಕ್ಕೆ ಆನಿಸಿ ಸುರಿಯುವವರಿದ್ದಾರೆ. ಹುಳು ಇರುವುದು ಎಳೆ ಬೇರಿರುವ ಕಡೆ, ಅಂದರೆ ಡ್ರಿಪ್ಪರ್ ಅಡಿಯಲ್ಲಿ. ಅದೇ ವೃತ್ತದಲ್ಲಿ ಚೆಂಡು ಹೂವು ಬೆಳೆಸಿದರೆ ಇಲ್ಲಿ ನಿಜಕ್ಕೂ ಉಪಯೋಗ. ಸಾಲಿನ ನಡುವೆ ಕಲ್ಲಂಗಡಿ, ಬದನೆ, ಮೆಣಸಿನಕಾಯಿ ಅಂತರ ಬೆಳೆ ಬೇಡ.

ಅಡಿಕೆ ತೋಟದಲ್ಲಿ ಮೆಣಸು, ಬಾಳೆ ಎರಡೂ ಇದೆ. ಮೆಣಸು ವರ್ಷವರ್ಷ ಹಳದಿಯಾಗಿ ಎಲೆ ಉದುರ್ತಾ ಇದೆ.

ಮಳೆಗಾಲದಲ್ಲಿ ದಿನಗಳಲ್ಲೇ ಬಳ್ಳಿ ಸಾಯುವುದು ಫೈಟಾಫ್ತೊರಾ ಎಂಬ ರೋಗಾಣುವಿನ ಶೀಘ್ರ ಸೊರಗು. ಮಳೆ ನಿಂತ ಮೇಲೆ ಹಳದಿಯಾಗಿ, ಮುಂದಿನ ಮಳೆಗೆ ಸ್ವಲ್ಪ ಚಿಗುರಿ, ಮತ್ತೆ ಇನ್ನಷ್ಟು ಸೊರಗುತ್ತ ಎರಡು–ಮೂರು ವರ್ಷದಲ್ಲಿ ಹೋಗುವುದು ನಿಧಾನ ಸೊರಗು. ಅದರ ಹಿಂದೆ ಬೇರುಗಂಟು ಹುಳುವಿನ ಜೊತೆ ರಾಡೊಫೋಲಸ್ ಸಿಮಿಲಿಸ್ ಎಂಬ ಬಿಲ ಕೊರೆಯುವ ಹುಳುವೂ ಇದೆ. ಇದು ಗಂಟು ಮಾಡುವುದಿಲ್ಲ. ಬೇರಲ್ಲಿ ಕಿತ್ತಳೆ–ನೇರಳೆ ಬಣ್ಣದ ಗಾಯ ಮಾಡಿ ಕೊಳೆಸುತ್ತದೆ.

ಕಷ್ಟವೆಂದರೆ ಇದಕ್ಕೆ ಬಾಳೆಯೂ ಅಡಿಕೆಯೂ ಆಶ್ರಯ. ಮೆಣಸಿಗೆ ಮಾತ್ರ ಚಿಕಿತ್ಸೆ ಕೊಟ್ಟು ಪಕ್ಕದ ಹಳೇ ಬಾಳೆ ಮೆಳೆಯನ್ನು ಹಾಗೇ ಬಿಟ್ಟರೆ ಹುಳು ತಿರುಗಿ ಬರುತ್ತದೆ. ಬಾಳೆ ಬೇಕೇ ಬೇಕೆಂದರೆ ಅಂಗಾಂಶ ಕೃಷಿಯ ಸಸಿ ತಂದು, ಬಳ್ಳಿಯ ಬುಡದಿಂದ ದೂರದಲ್ಲಿ ನೆಡಿ. ಬಳ್ಳಿಗೆ ವರ್ಷಕ್ಕೆ 1 ಕಿಲೋ ಬೇವಿನ ಹಿಂಡಿ, ಪೊಚೋನಿಯಾ ಅಥವಾ ಟ್ರೈಕೋಡರ್ಮಾ 50 ಗ್ರಾಂ, ಏಪ್ರಿಲ್–ಮೇ ಮತ್ತು ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಎರಡು ಸಲ. ಹೊಸ ಬಳ್ಳಿ ಮಾಡುವ ಪಾಲಿಥೀನ್ ಚೀಲಕ್ಕೆ ತೋಟದ ಮಣ್ಣನ್ನೇ ತುಂಬುವ ರೂಢಿ ಬಿಡಬೇಕು. ಹಾಳೆ ಹೊದಿಸಿ ಬಿಸಿಲಿಗೆ ಕಾಯಿಸಿದ ಮಣ್ಣನ್ನೇ ತುಂಬಿ.

ಬಾಳೆ ಕಂದು ನೆಡುವಾಗ ಏನು ಮಾಡಬೇಕು?

ಗಡ್ಡೆಯ ಬೇರನ್ನೆಲ್ಲ ಸವರಿ, ಕಂದು ಕಲೆ ಪೂರ್ತಿ ಹೋಗುವ ತನಕ ಸಿಪ್ಪೆ ಕೆತ್ತಿ. 55 ಡಿಗ್ರಿ ಬಿಸಿ ನೀರಲ್ಲಿ 20 ನಿಮಿಷ ಮುಳುಗಿಸಿ. ಥರ್ಮಾಮೀಟರ್ ಇಲ್ಲದೆ ಅಂದಾಜಿಗೆ ಮಾಡಬೇಡಿ: 60 ದಾಟಿದರೆ ಕಂದು ಬೇಯುತ್ತದೆ, 50ಕ್ಕಿಂತ ಕೆಳಗಾದರೆ ಹುಳು ಉಳಿಯುತ್ತದೆ. ನೆಟ್ಟ ಮೇಲೆ ಸಾಲಿನ ನಡುವೆ ಅಪ್ಸೆಣಬು ಬಿತ್ತಿ 45ನೇ ದಿನಕ್ಕೆ ಅಲ್ಲೇ ಮಡಚಿ.

ಪಾಲಿಹೌಸ್ ಕ್ಯಾಪ್ಸಿಕಂ, ಸೌತೆ. ಮೂರನೇ ಬೆಳೆಗೆ ಇಳುವರಿ ಅರ್ಧ ಆಗಿದೆ. ಮಣ್ಣು ಬದಲಾಯಿಸಬೇಕಾ?

ಮಣ್ಣು ಬದಲಾಯಿಸುವುದು ಭಾರೀ ಖರ್ಚು, ಹೊಸ ಮಣ್ಣಲ್ಲೂ ಹುಳು ಇರಬಹುದು. ಏಪ್ರಿಲ್–ಮೇ ಖಾಲಿ ಬಿಟ್ಟು ಪರದೆ ಇಳಿಸಿ, ಮಡಿಗೆ ಪಾರದರ್ಶಕ ಹಾಳೆ ಹಾಕಿ ಕಾಯಿಸಿದರೆ ಹೊರಗಿಗಿಂತ ಇಲ್ಲಿ ಫಲ ಹೆಚ್ಚು. ಬೇಸಿಗೆ ತಪ್ಪಿಹೋಗಿದ್ದರೆ ಜಪಾನಿನಲ್ಲಿ ಬಳಕೆಯಲ್ಲಿರುವ ಗಾಳಿಯಿಲ್ಲದಂತೆ ಕೊಳೆಸುವ ವಿಧಾನವಿದೆ: ಚದರ ಮೀಟರಿಗೆ 1 ಕಿಲೋ ಅಕ್ಕಿ ಅಥವಾ ಗೋಧಿ ತೌಡು ಮಣ್ಣಲ್ಲಿ 15–20 ಸೆಂ.ಮೀ. ಆಳಕ್ಕೆ ಕಲಸಿ, ಕೆಸರಾಗುವಷ್ಟು ನೀರು ಬಿಟ್ಟು, ಹಾಳೆ ಬಿಗಿಯಾಗಿ ಮುಚ್ಚಿ ಮೂರು ವಾರ. ಆಮ್ಲಜನಕ ಮುಗಿದು ಹುಟ್ಟುವ ಆಮ್ಲಗಳು ಹುಳುವನ್ನು ಕೊಲ್ಲುತ್ತವೆ. ಕೊಳೆತ ವಾಸನೆ ಬಂದರೆ ಸರಿಯಾಗಿ ನಡೆದಿದೆ ಎಂದರ್ಥ, ಬರದಿದ್ದರೆ ಹಾಳೆ ಎಲ್ಲೋ ಹರಿದಿದೆ. ತೆಗೆದು ಒಂದು ವಾರ ಗಾಳಿಯಾಡಿಸಿ. ಕಾಯಿಸಿದ, ಕೊಳೆಸಿದ ಮಣ್ಣು ಒಳ್ಳೆಯ ಜೀವಿಗಳನ್ನೂ ಕಳೆದುಕೊಂಡಿರುತ್ತದೆ, ಜೀವಾಣು ಬೆಳೆಸಿದ ಗೊಬ್ಬರ ಹಾಕಬೇಕಾದದ್ದು ಆಗ. ಮುಂಚೆ ಹಾಕಿದರೆ ಅದೂ ಬೆಂದುಹೋಗುತ್ತದೆ.

ನಿರೋಧಕ ಟೊಮ್ಯಾಟೊ ತಳಿ ಹಾಕಿದರೂ ಗಂಟು ಬಂತು. ಬೀಜ ಮೋಸನಾ?

ಮೋಸವೇ ಆಗಿರಬೇಕೆಂದಿಲ್ಲ. ಬಹುತೇಕ ನಿರೋಧಕ ಟೊಮ್ಯಾಟೊಗಳಲ್ಲಿ ಇರುವುದು ಎಂಐ ಎಂಬ ಒಂದೇ ಜೀನ್. ಮಣ್ಣಿನ ಬಿಸಿ 28 ಡಿಗ್ರಿ ದಾಟಿದರೆ ಅದರ ತಡೆ ಸಡಿಲವಾಗುತ್ತದೆ, ನಮ್ಮ ಬೇಸಿಗೆ ಬೆಳೆಗೆ ಇದು ದೊಡ್ಡ ಕೊರತೆ. ಬಿಸಿ ಕಾಲಕ್ಕೆ ಒಣ ಹುಲ್ಲಿನ ಹೊದಿಕೆ ಹಾಕಿದರೆ ಸ್ವಲ್ಪ ಸಹಾಯ. ಇನ್ನೊಂದು ದಾರಿ ಕಸಿ: ಕಾಡು ಬದನೆ ಜಾತಿಯ ಸುಂಡೆಕಾಯಿ ಗಿಡದ ಬೇರಿಗೆ ಈ ಹುಳುವಿನ ವಿರುದ್ಧ ತಡೆ ಇರುವುದರಿಂದ ಅದರ ಮೇಲೆ ಬದನೆ ಕಸಿ ಮಾಡುತ್ತಾರೆ.

ಎಂಟೆರೊಲೋಬಿ ಎಂಬ ಜಾತಿ ಮಾತ್ರ ಈ ಎಂಐ ಜೀನನ್ನೂ ಲೆಕ್ಕಿಸುವುದಿಲ್ಲ. ಸೀಬೆ ತೋಟಗಳನ್ನು ಹಾಳು ಮಾಡುತ್ತಿರುವುದು ಅದೇ, ಹಬ್ಬಿದ್ದು ಮುಖ್ಯವಾಗಿ ನರ್ಸರಿ ಸಸಿಗಳ ಮೂಲಕ. ಸೀಬೆ ಸಸಿ ತರುವಾಗ ಒಂದು ಚೀಲ ಹರಿದು ಬೇರು ನೋಡದೆ ಲೋಡ್ ಇಳಿಸಿಕೊಳ್ಳಬೇಡಿ.

ಭತ್ತದ ಒಟ್ಲಲ್ಲಿ ಬೇರಿನ ತುದಿ ಕೊಕ್ಕೆ ಥರ ಬಾಗಿ ಊದಿದೆ. ಇದೂ ಅದೇನಾ?

ಅದೇ ಕುಲ, ಜಾತಿ ಬೇರೆ: ಮೆಲಾಯ್ಡೋಗೈನೆ ಗ್ರಾಮಿನಿಕೋಲಾ. ನೀರು ನಿಲ್ಲಿಸದ ಒಣ ಒಟ್ಲು (ಸಸಿ ಮಡಿ), ನೇರ ಬಿತ್ತನೆಯಲ್ಲಿ ಹೆಚ್ಚು. ಗದ್ದೆಯಲ್ಲಿ ನೀರು ನಿಂತರೆ ಹೊಸದಾಗಿ ಬೇರಿಗೆ ನುಗ್ಗುವುದು ಕಡಿಮೆಯಾಗುತ್ತದೆ. ಒಟ್ಲು ಜಾಗ ಬದಲಾಯಿಸಿ, ಗಂಟಿರುವ ಸಸಿಯನ್ನು ನಾಟಿಗೆ ಬಳಸಬೇಡಿ.

ಅಡಿಕೆಗೆ ಬೇರುಹುಳು ಹತೋಟಿಗೆ ಅಂತ ‘ನೆಮಟೋಡ್’ ಮಾರುತ್ತಾರಲ್ಲ. ರೋಗವನ್ನೇ ದುಡ್ಡು ಕೊಟ್ಟು ತಂದ ಹಾಗಲ್ಲವಾ?

ಅಲ್ಲ. ಅದು ಹೆಟೆರೋರಾಬ್ಡೈಟಿಸ್ ಅಥವಾ ಸ್ಟೈನರ್ನೀಮಾ, ಕೀಟದ ಮರಿಯೊಳಗೆ ಹೊಕ್ಕು ಕೊಲ್ಲುವ ಜಂತು. ಗಿಡದ ಬೇರು ಚುಚ್ಚುವ ಸೂಜಿಯಂಥ ಬಾಯಿಯೇ ಅದಕ್ಕಿಲ್ಲ. ಗೊಣ್ಣೆ ಹುಳುವಿಗೆ ಒಳ್ಳೆಯದು, ಆದರೆ ಬೇರುಗಂಟಿಗೆ ಅದನ್ನು ಕೊಳ್ಳಬೇಡಿ. ಮುಂಗಾರಿನ ತೇವ ಇದ್ದಾಗ, ಸಂಜೆ, ಸೂಕ್ಷ್ಮ ಜಾಲರಿ ತೆಗೆದ ಪಂಪಿನಿಂದ ಅಥವಾ ಚೊಂಬಿನಿಂದ ಬುಡಕ್ಕೆ ಕೊಡಬೇಕು. ಒಣ ನೆಲಕ್ಕೆ ಕೊಟ್ಟರೆ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ.